ನಾರ್ವೆ ಎಂದರೆ ‘ಇಲ್ಲ’ವೇ?

ತಂತ್ರಾಂಶ ಹೇಗೆ ನಡೆದುಕೊಳ್ಳಬೇಕು ಎಂಬ ಸೂಚನೆಗಳು ಕಾನ್ಫಿಗರೇಶನ್ ಫೈಲ್‌ನಲ್ಲಿರುತ್ತವೆ. ಅದನ್ನು ಓದಿ ಅರ್ಥಮಾಡಿಕೊಳ್ಳುವ ಭಾಗವೇ ಪಾರ್ಸರ್.

ಓದುವಾಗ ಅದು ಎಡವುವುದೂ ಉಂಟು. ಇಂಥ ಫೈಲ್ ಬರೆಯಲು ಬಳಸುವ ಯಾಮಲ್ ಎಂಬ ಮಾದರಿಯ 1.1ನೇ ಆವೃತ್ತಿಯಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ‘ಎನ್‌ಒ’ ಎಂದು ಬರೆದರೆ ‘ಇಲ್ಲ’, ಅಂದರೆ ‘ಸುಳ್ಳು’ ಎಂದರ್ಥ. ನಾರ್ವೆ ದೇಶದ ಸಂಕೇತಾಕ್ಷರವೂ ಅದೇ! ಹಾಗಾಗಿ ದೇಶಗಳ ಪಟ್ಟಿಯಲ್ಲಿ ನಾರ್ವೆಯ ಜಾಗದಲ್ಲಿ ‘ಸುಳ್ಳು’ ಬಂದು ಕೂರುತ್ತದೆ. 2009ರ 1.2ನೇ ಆವೃತ್ತಿ ಇದನ್ನು ಸರಿಪಡಿಸಿದರೂ ಹಳೆಯ ನಿಯಮದ ಪಾರ್ಸರ್‌ಗಳು ಇನ್ನೂ ಬಳಕೆಯಲ್ಲಿವೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯನ್ನು 3.10 ಎಂದು ಬರೆದರೆ 3.1 ಎಂದು ಓದಿಕೊಳ್ಳುವುದೂ ಇಂಥದೇ ಎಡವಟ್ಟು.

ಅದಕ್ಕೇ ಪಾರ್ಸರ್ ಅನ್ನು ಪರೀಕ್ಷಿಸುವ ಟೆಸ್ಟ್ ಸ್ಕ್ರಿಪ್ಟ್ ಬೇಕು.

ಖಾಲಿ ಫೈಲ್, ಮುಚ್ಚದ ಉದ್ಧರಣ ಚಿಹ್ನೆ, ಎರಡು ಬಾರಿ ಬಂದ ಹೆಸರು, ಕನ್ನಡ ಅಕ್ಷರ, ಹೀಗೆ ಒಂದೊಂದನ್ನೂ ಅದು ಪಾರ್ಸರ್‌ಗೆ ಕೊಟ್ಟು, ಬಂದ ಉತ್ತರವನ್ನು ಬರಬೇಕಾದ ಉತ್ತರದೊಡನೆ ತಾಳೆ ನೋಡುತ್ತದೆ. ತಪ್ಪಿರುವ ಫೈಲನ್ನು ಪಾರ್ಸರ್ ಸುಮ್ಮನೆ ಒಪ್ಪಿಕೊಂಡರೆ, ಸ್ಕ್ರಿಪ್ಟ್ ಅದನ್ನೂ ‘ಫೇಲ್’ ಎಂದೇ ದಾಖಲಿಸುತ್ತದೆ.