ಹಡಗಿನ ನೀರೂ ಕಾಡಿನ ಬೇರೂ

ಹೆಬ್ರಿಯಲ್ಲಿ ನಿಂತವನಿಗೆ ಕಾಣುವುದು ಘಟ್ಟ, ಕಡಲಲ್ಲ. ಆದರೂ ನಮ್ಮ ಸೀತಾನದಿಯು ಸೇರುವುದು ಕಡಲನ್ನೇ. ಸಂತೆಗೆ ಮೀನು ಬರುವುದೂ ಅಲ್ಲಿಂದಲೇ. ಆದುದರಿಂದ ಕಡಲಿನ ಶುಚಿಯು ನಮಗೆ ಪರರ ವಿಷಯವಲ್ಲ.

ಸರಕಿಲ್ಲದ ಹಡಗು ಸ್ಥಿರವಾಗಿ ಸಾಗಲೆಂದು ಒಂದು ರೇವಿನ ನೀರನ್ನು ಒಡಲಲ್ಲಿ ತುಂಬಿಕೊಂಡು, ಇನ್ನೊಂದು ರೇವಿನಲ್ಲಿ ಸರಕು ಹೇರುವಾಗ ಚೆಲ್ಲುವುದು. ನೆರೆಯ ಕುದುರೆಮುಖದ ಗಣಿಯು 2005ರಲ್ಲಿ ನಿಲ್ಲುವ ತನಕ, ಅದರ ಅದಿರು ಹಡಗನ್ನೇರುತ್ತಿದ್ದುದು ಪಣಂಬೂರಿನಲ್ಲಿ. ಹಾಗೆ ಚೆಲ್ಲುವ ನೀರಿನೊಡನೆ ರೋಗಾಣುಗಳೂ ದೇಶಾಂತರ ಹೋಗಬಲ್ಲವು. 2004ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆಯು, ಅಂತಹ ನೀರಿನ 100 ಮಿಲಿಲೀಟರಿನಲ್ಲಿ ವಿಷಕಾರಿ ಕಾಲರಾಣುವಿನ ಎಣಿಕೆಯು ಒಂದಕ್ಕಿಂತ ಕಡಿಮೆಯಿರಬೇಕೆಂದು ವಿಧಿಸಿದೆ.

ಇದಕ್ಕಾಗಿ ಕ್ಲೋರಿನನ್ನೂ ಅತಿನೇರಳೆ ಕಿರಣವನ್ನೂ ಬಳಸುವರು. ಕ್ಲೋರಿನು ಹಾನಿಕರ ಶೇಷಗಳನ್ನು ಉಳಿಸುವುದುಂಟು. ಆದುದರಿಂದ ವಿಜ್ಞಾನಿಗಳು ಸಸ್ಯಗಳತ್ತ ತಿರುಗಿ, ಅಕ್ರೋಟದಲ್ಲಿರುವ ಜುಗ್ಲೋನ್, ಚಿತ್ರಮೂಲದ ಬೇರಿನಲ್ಲಿರುವ ಪ್ಲಂಬಾಜಿನ್ ಮೊದಲಾದುವನ್ನು ಪರೀಕ್ಷಿಸಿರುವರು. ಚಿತ್ರಮೂಲವು ನಮ್ಮ ವೈದ್ಯಪಂಡಿತರಿಗೆ ಹೊಸತಲ್ಲ. ಶೋಧಿಸದೆ ಅದನ್ನು ರೋಗಿಗೆ ಕೊಡಬಾರದೆಂಬುದನ್ನೂ ಅವರು ಬಲ್ಲರು.

ಆ ಎಚ್ಚರಿಕೆಯೇ ಇಲ್ಲಿಯೂ ಬೇಕು. ಗಿಡದ್ದೆಂಬ ಮಾತ್ರಕ್ಕೆ ವಿಷವು ಅಮೃತವಾಗದು. ಕಾರೆಕಾಯಿಯನ್ನು ಅರೆದು ಹೊಳೆಗೆ ಹಾಕಿದರೆ ಮೀನು ಮೇಲೆ ತೇಲುವುದನ್ನು ಕಂಡ ಜನಕ್ಕೆ ಇದನ್ನು ನಾವು ಹೇಳಬೇಕೆ? ರೋಗಾಣುವನ್ನು ಕೊಂದ ಮದ್ದು ಹಡಗಿನ ತೊಟ್ಟಿಯಲ್ಲಿಯೇ ನಿರ್ವೀರ್ಯವಾಗಬೇಕು, ಮರಿಮೀನಿಗೆ ತಗಲಬಾರದು. ಮಂಗಳೂರಿನ ಮೀನುಗಾರಿಕಾ ಕಾಲೇಜೂ ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯವೂ ರೇವಿನ ಸಮೀಪದಲ್ಲಿಯೇ ಇವೆ. ಅವು ಇಂತಹ ಪರೀಕ್ಷೆಗೆ ಮುಂದಾಗಲಿ. ಫಲ ಸಿದ್ಧಿಸಿದರೆ ಬೇರನ್ನು ಕಾಡಿನಿಂದ ಕೀಳದೆ ತೋಟದಲ್ಲಿ ಬೆಳೆಯಲಿ. ಕಡಲನ್ನು ತೊಳೆಯಲು ಘಟ್ಟವನ್ನು ಬೋಳಿಸುವುದು ವಿವೇಕವಲ್ಲ.