ಹನೋಯಿಯ ಮೆಟ್ರೊಪೋಲ್: ನೆಲದಡಿ ಉಳಿದ ಯುದ್ಧಕಾಲ

ವಿಯೆಟ್ನಾಂ ರಾಜಧಾನಿ ಹನೋಯಿಯ ನಡುಮಧ್ಯೆ, ಹೊಆನ್ ಕಿಯೆಮ್ ಕೆರೆಗೂ ಒಪೆರಾ ಹೌಸಿಗೂ ಹತ್ತಿರದಲ್ಲಿ, ಬಿಳಿ ಗೋಡೆ, ಹಸಿರು ಕಿಟಕಿಗಳ ಒಂದು ಹಳೆಯ ಹೋಟೆಲ್ ಇದೆ. ಹೆಸರು ಮೆಟ್ರೊಪೋಲ್. ಇಬ್ಬರು ಫ್ರೆಂಚರು ಇದನ್ನು ತೆರೆದದ್ದು 1901ರಲ್ಲಿ. ಆಳಲು ಬಂದವರಿಗೆ ತಮ್ಮ ಊರಿನ ಸುಖವೆಲ್ಲ ಇಲ್ಲೇ ಸಿಗಲಿ ಎಂದು ಕಟ್ಟಿದ ಮನೆಯದು. 1936ರಲ್ಲಿ ಚಾರ್ಲಿ ಚಾಪ್ಲಿನ್ ಮಧುಚಂದ್ರಕ್ಕೆ ಬಂದು ಇಲ್ಲಿ ಉಳಿದರು. 1951ರಲ್ಲಿ ಕಾದಂಬರಿಕಾರ ಗ್ರಹಾಂ ಗ್ರೀನ್ ಬಂದರು. ಇಬ್ಬರ ಹೆಸರಿನ ಕೊಠಡಿಗಳೂ ಇಂದು ಇಲ್ಲಿವೆ.

1954ರಲ್ಲಿ ಫ್ರೆಂಚರ ಆಳ್ವಿಕೆ ಮುಗಿಯಿತು, ದೇಶ ಎರಡಾಯಿತು. ಹೋಟೆಲು ಸರ್ಕಾರದ ಕೈಸೇರಿ ‘ಥೋಂಗ್ ನ್ಯಾಟ್’ ಆಯಿತು. ಹಾಗೆಂದರೆ ಏಕೀಕರಣ. ಒಡೆದ ದೇಶ ತನ್ನ ದೊಡ್ಡ ಆಸೆಯನ್ನೇ ಹೋಟೆಲಿನ ಬೋರ್ಡಿನ ಮೇಲೆ ಬರೆದುಕೊಂಡಿತು.

ಅರವತ್ತರ ದಶಕದಲ್ಲಿ ಅಮೆರಿಕದ ಬಾಂಬ್ ದಾಳಿ ಶುರುವಾದಾಗ ಹೋಟೆಲಿನ ಅಂಗಳದಡಿ ಕಾಂಕ್ರೀಟಿನ ಬಂಕರ್ ಕಟ್ಟಿದರು. ಊರಿನ ಜನಕ್ಕೆ ಫುಟ್‌ಪಾತಿನಲ್ಲಿ ಒಬ್ಬೊಬ್ಬರೇ ಇಳಿದು ಮುಚ್ಚಳ ಎಳೆದುಕೊಳ್ಳುವ ಕಿರುಗುಂಡಿಗಳಿದ್ದವು. ಹೋಟೆಲಿನ ಅತಿಥಿಗಳಿಗೆ ಈ ನೆಲಮಾಳಿಗೆ. 1972ರ ಡಿಸೆಂಬರಿನಲ್ಲಿ ಬಿ-52 ವಿಮಾನಗಳು ಹನೋಯಿಯ ಮೇಲೆ ಬಾಂಬಿನ ಮಳೆ ಸುರಿಸಿದಾಗ ಇಲ್ಲಿ ಅಡಗಿ ಕುಳಿತವರಲ್ಲಿ ಅಮೆರಿಕದ ಗಾಯಕಿ ಜೋನ್ ಬಯೆಜ್ ಒಬ್ಬರು. ಯುದ್ಧವಿರೋಧಿ ನಿಯೋಗದೊಂದಿಗೆ ಬಂದಿದ್ದ ಆಕೆಯ ಮೇಲೆ ಬೀಳುತ್ತಿದ್ದವು ಸ್ವದೇಶದ ಬಾಂಬುಗಳು. ಅಂದು ಹನೋಯಿಯಲ್ಲಿ ಧ್ವನಿಮುದ್ರಿಸಿಕೊಂಡ ಸೈರನ್ನು, ಸ್ಫೋಟಗಳ ಸದ್ದು ಆಕೆಯ 1973ರ ಆಲ್ಬಮ್ಮಿನಲ್ಲಿವೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಗೋಳಾಟವೇ ಅದರ ಶೀರ್ಷಿಕೆಗೆ ಮೂಲ.

ಯುದ್ಧ ಮುಗಿದ ಮೇಲೆ ಬಂಕರನ್ನು ಮುಚ್ಚಿದರು, ಕಾಲಕ್ರಮೇಣ ಮರೆತೂಬಿಟ್ಟರು. ತೊಂಬತ್ತರ ದಶಕದಲ್ಲಿ ಹೋಟೆಲು ನವೀಕರಣಗೊಂಡು ಹಳೆಯ ಹೆಸರಿಗೆ ಮರಳಿತು. 2011ರಲ್ಲಿ ಈಜುಕೊಳದ ಪಕ್ಕದ ಬಾರನ್ನು ದುರಸ್ತಿ ಮಾಡುವಾಗ ಅಗೆದವರ ಉಪಕರಣ ಗಟ್ಟಿ ಕಾಂಕ್ರೀಟಿಗೆ ತಗುಲಿತು. ಒಡೆದು ನೋಡಿದರೆ ಕೆಳಗೆ ನೀರು ತುಂಬಿದ ಕಿರುಕೋಣೆಗಳು, ಇಕ್ಕಟ್ಟಾದ ಓಣಿಗಳು!

ಮಣ್ಣು ತುಂಬಿ ಮೇಲೆ ಕಲ್ಲು ಹಾಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೋಟೆಲಿನವರು ಹಾಗೆ ಮಾಡದೆ ನೀರು ತೆಗೆಸಿ, ಅದನ್ನು ಸ್ಮಾರಕವಾಗಿ ಉಳಿಸಿಕೊಂಡರು. ಈಗ ಅತಿಥಿಗಳನ್ನು ಮೆಟ್ಟಿಲಿಳಿಸಿ ಕರೆದೊಯ್ದು ಅಲ್ಲಿನ ಕಥೆ ಹೇಳುತ್ತಾರೆ.

ಪಾರಂಪರಿಕ ಹೋಟೆಲುಗಳು ಸಾಮಾನ್ಯವಾಗಿ ತಮ್ಮ ವೈಭವದ ದಿನಗಳನ್ನಷ್ಟೇ ಗೋಡೆಗೆ ತೂಗುಹಾಕುತ್ತವೆ. ಮೆಟ್ರೊಪೋಲ್ ತನ್ನ ಭಯದ ರಾತ್ರಿಗಳನ್ನೂ ಕಾಪಾಡಿಕೊಂಡಿದೆ. ಪರದೇಶದ ಒಡೆಯರಿಗಾಗಿ ಹುಟ್ಟಿದ ಈ ಕಟ್ಟಡ ಹನೋಯಿಯ ಜನರದ್ದಾಗಿ ನಿಂತಿರುವುದು ಆ ಕಷ್ಟದಲ್ಲಿ ಪಾಲುಗೊಂಡದ್ದರಿಂದ, ಅದನ್ನು ಮರೆಮಾಚದೆ ಉಳಿಸಿಕೊಂಡದ್ದರಿಂದ. ಹನೋಯಿಗೆ ಹೋಗುವವರು ಚಾಪ್ಲಿನ್ ತಂಗಿದ್ದ ಹೋಟೆಲೆಂದು ಇದನ್ನು ನೋಡಲಿ. ಅದಕ್ಕಿಂತ ಮುಖ್ಯವಾಗಿ, ಈ ಊರು ಬಾಂಬುಗಳ ಕೆಳಗೆ ಹೇಗೆ ಬದುಕಿತೆಂದು ತಿಳಿಯಲು ನೋಡಲಿ.