ಓವಿ ದಾಟಿದ ಹೊಸ್ತಿಲು

ಓವಿಯೆಂದರೆ ನಮ್ಮ ತ್ರಿಪದಿಯ ಹಾಗೆ ಬೀಸುವ ಕಲ್ಲಿನ ಮುಂದೆ ಹೆಂಗಸರ ಬಾಯಲ್ಲಿ ಪಳಗಿದ ಮಟ್ಟು. ಜ್ಞಾನೇಶ್ವರರು ಗೀತೆಯ ವ್ಯಾಖ್ಯಾನಕ್ಕೆ ಆರಿಸಿಕೊಂಡದ್ದೂ ಇದನ್ನೇ. 1579ರಲ್ಲಿ ಗೋವೆಗೆ ಬಂದಿಳಿದ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್, ಸೃಷ್ಟಿಯಿಂದ ಯೇಸುವಿನ ಪುನರುತ್ಥಾನದವರೆಗಿನ ಕಥೆಯನ್ನು ಹನ್ನೊಂದು ಸಾವಿರದಷ್ಟು ಓವಿಗಳಲ್ಲಿ ಮರಾಠಿಗೆ ತಂದರು. ಅದೇ 1616ರಲ್ಲಿ ರಾಚೋಲ್‌ನಲ್ಲಿ ಅಚ್ಚಾದ ‘ಕ್ರಿಸ್ತಪುರಾಣ’. ಅದರಲ್ಲಿ ಸ್ವರ್ಗದ ಹೆಸರು ವೈಕುಂಠ. ಗೋವೆಯ ಇಗರ್ಜಿಗಳಲ್ಲಿ ಜನ ಅದನ್ನು ಹಾಡಿಕೊಂಡರು. ಆದರೆ 1736ರಲ್ಲಿ ಗೋವೆಯ ಇನ್‌ಕ್ವಿಜಿಷನ್ (ಕ್ಯಾಥೊಲಿಕ್ ಮತವಿಚಾರಣಾ ಮಂಡಳಿ) ಹೊರಡಿಸಿದ ಆಜ್ಞೆ, ಕ್ರೈಸ್ತರ ಮದುವೆಮನೆಗಳಲ್ಲಿ ಓವಿ ಹಾಡುವುದನ್ನೇ ನಿಷೇಧಿಸಿತು. ಇಗರ್ಜಿಯಲ್ಲಿ ಭಕ್ತಿಯಾದದ್ದು ಅಂಗಳದಲ್ಲಿ ಅಪರಾಧವಾಯಿತು. ಮಟ್ಟು ಒಂದೇ ಆಗಿದ್ದುದರಿಂದ ಅಧಿಕಾರಿಗಳಿಗಿದ್ದ ಭಯ ರಾಗದ್ದಲ್ಲ, ಅದರ ಜೊತೆಗೆ ಬರುವ ಮಾತು ಯಾರದ್ದೆಂಬುದರದ್ದು ಎಂದೇ ಓದಬೇಕಾಗುತ್ತದೆ.

ಬಹಾವುಲ್ಲಾ ಸ್ಥಾಪಿಸಿದ ಬಹಾಯಿ ಧರ್ಮದ ಪ್ರಾರ್ಥನೆಗಳನ್ನು ಕ್ರೈಸ್ತ ಆರಾಧನೆಯಲ್ಲಿ ಹಾಡಬಹುದೇ ಎಂಬ ಪ್ರಶ್ನೆಗೆ ಗೋವೆಯ ಈ ಚರಿತ್ರೆಯಲ್ಲೇ ಉತ್ತರದ ಎಳೆಯಿದೆ. ಇಲ್ಲಿ ರಾಗ ಮೊದಲು ದಾಟಿತು. ಮಾತು ಹೊಸ್ತಿಲಲ್ಲೇ ನಿಂತಿತು. ಘುಮಟವನ್ನೇ ನೋಡಿ. ಎರಡು ಬಾಯಿಯ ಈ ಮಣ್ಣಿನ ಗಡಿಗೆ ಚವತಿಯಲ್ಲಿ ಗಣಪತಿಯ ಆರತಿಗೂ ಬೇಕು, ಕ್ಯಾಥೊಲಿಕರ ಮಾಂಡೊ ಎಂಬ ಹಾಡಿಗೂ ಬೇಕು. ಬಾಯಿಗೆ ಬಿಗಿಯುತ್ತಿದ್ದ ಉಡದ ಚರ್ಮವನ್ನು ವನ್ಯಜೀವಿ ಕಾಯ್ದೆ ತಡೆದಾಗ ಆಡಿನ ಚರ್ಮ ಬಂತು. 2019ರಲ್ಲಿ ಗೋವಾ ಸರ್ಕಾರ ಘುಮಟವನ್ನು ಪಾರಂಪರಿಕ ವಾದ್ಯವೆಂದು ಘೋಷಿಸಿತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯ ಕುರಿತು ಹೊರಡಿಸಿದ ಶಾಸನವೂ ಇದೇ ಗೆರೆಯನ್ನು ಎಳೆಯಿತು. ಆಯಾ ಜನರ ಸಂಗೀತಕ್ಕೆ ಪೂಜೆಯಲ್ಲಿ ತಕ್ಕ ಸ್ಥಾನ ಸಿಗಬೇಕು ಎಂದಿತು. ಹಾಡುವ ಮಾತು ಮಾತ್ರ ಕ್ಯಾಥೊಲಿಕ್ ಬೋಧನೆಗೆ ಹೊಂದಬೇಕು, ಮುಖ್ಯವಾಗಿ ಬೈಬಲ್ಲಿನಿಂದಲೂ ಆರಾಧನಾ ಗ್ರಂಥಗಳಿಂದಲೂ ಬರಬೇಕು ಎಂದಿತು.

ಬಹಾಯಿಗಳ ದಾರಿ ಬೇರೆ. ಬಹಾವುಲ್ಲಾ ತಮ್ಮ ‘ಕಿತಾಬ್-ಇ-ಅಕ್ದಸ್’ನಲ್ಲಿ ಸಂಗೀತ ಕೇಳುವುದನ್ನು ಧರ್ಮಸಮ್ಮತವೆಂದು ಸ್ಪಷ್ಟವಾಗಿ ಹೇಳಿದ್ದಾರೆ. 1986ರಲ್ಲಿ ತೆರೆದ ದೆಹಲಿಯ ಕಮಲ ಮಂದಿರದಲ್ಲಿ ಪ್ರವಚನವಿಲ್ಲ, ವಾದ್ಯವಿಲ್ಲ. ಎಲ್ಲ ಧರ್ಮಗಳ ಪವಿತ್ರ ವಚನಗಳನ್ನು ಓದಲು, ಹಾಡಲು ಅಲ್ಲಿ ಎಡೆಯಿದೆ. ಅಂದರೆ ದಾವೀದನ ಕೀರ್ತನೆಗೆ ಅಲ್ಲಿ ಬಾಗಿಲು ಆಗಲೇ ತೆರೆದಿದೆ. ಗೋವೆಗೂ ಬಹಾಯಿಗಳಿಗೂ ನಂಟು ಹೊಸದಲ್ಲ: 1953ರಲ್ಲಿ ಬಹಾಯಿಗಳ ಆಗಿನ ನೇತಾರ ಶೋಘಿ ಎಫೆಂದಿ ಆರಂಭಿಸಿದ ಹತ್ತು ವರ್ಷಗಳ ಯೋಜನೆಯಲ್ಲಿ, ಆಗಿನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಗೋವೆಯೂ ಹೊಸದಾಗಿ ತಲುಪಬೇಕಾದ ನೆಲಗಳ ಪಟ್ಟಿಯಲ್ಲಿತ್ತು.

ಒಂದು ಧರ್ಮದ ಪ್ರಾರ್ಥನೆಯನ್ನು ಇನ್ನೊಂದರ ಸಭೆಯಲ್ಲಿ ಹಾಡುವುದು ಮತಾಂತರದ ಗಾಳವಲ್ಲವೇ ಎಂದು ಕೇಳುವವರಿದ್ದಾರೆ. ಆ ಅನುಮಾನಕ್ಕೆ ಆಧಾರವಿದೆ. ಸ್ಟೀಫನ್ಸ್ ಓವಿಯನ್ನು ಎತ್ತಿಕೊಂಡದ್ದು ಹೊಸದಾಗಿ ಕ್ರೈಸ್ತರಾದವರ ಮನಸ್ಸನ್ನು ಹಳೆಯ ಪುರಾಣಗಳಿಂದ ತಿರುಗಿಸಲಿಕ್ಕೇ. ಆದ್ದರಿಂದಲೇ ಹಾಡುವ ಮುನ್ನ ಇದು ಬಹಾವುಲ್ಲಾರ ಪ್ರಾರ್ಥನೆ ಎಂದು ಸಭೆಗೆ ಹೇಳಲೇಬೇಕು. ದೇವರೊಬ್ಬನೇ ಆದಮೇಲೆ ಹೆಸರೇಕೆ ಎಂಬುದು ಇನ್ನೊಂದು ತುದಿಯ ಆಕ್ಷೇಪ. ಆ ಪ್ರಾರ್ಥನೆಗಳಲ್ಲಿ ಅನೇಕವು ನೇರ ದೇವರಿಗೇ ಸಲ್ಲುವ ಮೊರೆಗಳು, ಕ್ರೈಸ್ತನ ನಾಲಗೆಗೆ ಅಪರಿಚಿತವೆನಿಸುವಂಥವಲ್ಲ, ನಿಜ. ಆದರೆ ಬಹಾಯಿಗಳಿಗೆ ಆ ಮಾತುಗಳು ಬರೀ ಒಳ್ಳೆಯ ಕವಿತೆಯಲ್ಲ, ದೈವವಾಣಿ. ಅದನ್ನು ಹೆಸರಿಲ್ಲದ ಭಜನೆಯಾಗಿಸುವುದು ಅವರಿಗೆ ಮಾಡುವ ಅನ್ಯಾಯ. ತಾನು ಏನನ್ನು ಹಾಡುತ್ತಿದ್ದೇನೆಂದು ತಿಳಿಯದ ಕ್ರೈಸ್ತನಿಗೂ ಅನ್ಯಾಯವೇ.

ಹಾಗಾಗಿ ಬಲಿಪೂಜೆಯ ವಿಧಿಯೊಳಗೆ ಬಹಾಯಿ ಪ್ರಾರ್ಥನೆಯನ್ನು ತೂರಿಸಬೇಕೆಂಬುದು ನನ್ನ ವಾದವಲ್ಲ. ಆ ವಿಧಿಗೆ ಅದರದೇ ಮಾತು, ಅದರದೇ ಕ್ರಮ ಇರಲಿ. ಶಾಂತಿಗಾಗಿ ಕೂಡಿ ಪ್ರಾರ್ಥಿಸುವ ಸಂಜೆಗಳಿವೆ, ದುಃಖದಲ್ಲಿ ಊರಿಗೆ ಊರೇ ಒಂದಾಗುವ ಹೊತ್ತುಗಳಿವೆ. ಅಲ್ಲಿ ಅತಿಥಿಯ ಪ್ರಾರ್ಥನೆಗೆ ಕಂಠ ಕೊಡುವುದರಿಂದ ಆತಿಥೇಯನ ನಂಬಿಕೆ ತೆಳುವಾಗದು. ಓವಿ ಹಾಡಿದ್ದರಿಂದ ಗೋವೆಯ ಕ್ರೈಸ್ತರೇನೂ ಕಡಿಮೆ ಕ್ರೈಸ್ತರಾಗಲಿಲ್ಲ. ಮೂಲದ ಪದಗಳನ್ನು ತಿದ್ದದೆ, ಕೊಂಕಣಿಯ ಉಸಿರಿಗೆ ಒಗ್ಗುವ ರಾಗ ಹುಡುಕುವುದೇ ಅಲ್ಲಿ ನಿಜವಾದ ಕೆಲಸ. ತಾಳಕ್ಕೆ ಘುಮಟವೂ ಇರಲಿ: ಬಹಾಯಿಗಳು ವಾದ್ಯವನ್ನು ಹೊರಗಿಡುವುದು ಕಮಲ ಮಂದಿರದಂಥ ತಮ್ಮ ಆರಾಧನಾ ಮಂದಿರಗಳ ಒಳಗೆ ಮಾತ್ರ, ಗೋವೆಯಲ್ಲಿ ಅಂಥದ್ದೊಂದು ಇನ್ನೂ ಇಲ್ಲ.